ಗಾಳಿಯ ಲೆಕ್ಕ, ದಾರದ ಲೆಕ್ಕ: ನೀರು ತುಂಬಿದ ಗುಹೆಗಳಿಗೆ ಇಳಿದವರ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)

ಇವತ್ತಿನ ಸಂಚಿಕೆಯನ್ನ ಒಂದು ಲೆಕ್ಕದಿಂದ ಶುರು ಮಾಡ್ತೀನಿ. ಬಿ.ಕಾಂ ಓದಿರೋರ ಹತ್ರ ಇತಿಹಾಸ ಕೇಳೋಕೆ ಬಂದ್ರೆ ಇಷ್ಟನ್ನ ಸಹಿಸ್ಕೊಳ್ಳಲೇಬೇಕು.

ನಿಮ್ಮ ಬೆನ್ನ ಮೇಲೆ ಒಂದು ಸಿಲಿಂಡರ್ ಇದೆ. ಅದರಲ್ಲಿ 200 ಬಾರ್ ಒತ್ತಡದ ಗಾಳಿ ಇದೆ. ನೀವು ನೀರು ತುಂಬಿದ ಒಂದು ಗುಹೆಯೊಳಗೆ ಈಜ್ಕೊಂಡು ಹೋಗ್ತಾ ಇದ್ದೀರಿ. ತಲೆ ಮೇಲೆ ಬಂಡೆ. ಕೆರೆಯಲ್ಲಾದ್ರೆ ಉಸಿರು ಕಟ್ಟಿದಾಗ ಮೇಲಕ್ಕೆ ಎದ್ದು ಬರಬಹುದು, ಇಲ್ಲಿ ಮೇಲಕ್ಕೆ ಅನ್ನೋದೇ ಇಲ್ಲ. ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಪ್ರಶ್ನೆ ಇಷ್ಟೇ: ಎಷ್ಟು ಗಾಳಿ ಖರ್ಚಾದ ಮೇಲೆ ನೀವು ತಿರುಗಬೇಕು?

ಈ ಪ್ರಶ್ನೆಯನ್ನ ನನ್ನ ಫ್ರೆಂಡ್ಸ್ ಗ್ರೂಪಲ್ಲಿ ಹಾಕಿದೆ. ಹೆಚ್ಚಿನವರು 100 ಅಂದ್ರು. ಅರ್ಧ ಹೋಗೋಕೆ, ಅರ್ಧ ಬರೋಕೆ. ಪೆಟ್ರೋಲ್ ವಿಷಯದಲ್ಲಿ ನಾವು ಮಾಡೋದೂ ಅದೇ ಅಲ್ವಾ. ಆದ್ರೆ ಗುಹೆಯಲ್ಲಿ ಈ ಉತ್ತರ ಕೊಟ್ಟವರಲ್ಲಿ ತುಂಬಾ ಜನ ವಾಪಸ್ ಬಂದಿಲ್ಲ. ಸರಿಯಾದ ಉತ್ತರ ಮೂರರಲ್ಲಿ ಒಂದು ಪಾಲು. 66 ಬಾರ್ ಖರ್ಚಾಗ್ತಿದ್ದ ಹಾಗೆ, ಮುಂದೆ ಎಷ್ಟೇ ಚೆಂದ ಕಾಣ್ತಿರಲಿ, ತಿರುಗಬೇಕು. ಯಾಕೆ ಮೂರು ಪಾಲು? ನೀವು ಒಬ್ಬರೇ ಇಲ್ಲ, ಜೊತೆಗೆ ಇನ್ನೊಬ್ಬರಿದ್ದಾರೆ ಅಂದ್ಕೊಳ್ಳಿ. ಅತಿ ದೂರದ ಜಾಗದಲ್ಲಿ ಅವರ ಸಿಲಿಂಡರ್ ಕೈಕೊಡ್ತು. ಆಗ ನಿಮ್ಮ ಹತ್ರ ಎರಡು ಪಾಲು ಉಳಿದಿರುತ್ತೆ. ಒಂದು ಪಾಲು ನಿಮ್ಮನ್ನ ಹೊರಗೆ ತರುತ್ತೆ, ಇನ್ನೊಂದು ಪಾಲು ಅವರನ್ನ. ಅಂದ್ರೆ ಆ ಕೊನೇ ಪಾಲು ನಿಮ್ಮದಲ್ಲವೇ ಅಲ್ಲ. ಅಕೌಂಟೆನ್ಸಿಯಲ್ಲಿ ಇದನ್ನ ಪ್ರಾವಿಷನ್ ಅಂತೀವಿ. ಇನ್ನೂ ಬರದೇ ಇರೋ ನಷ್ಟಕ್ಕೆ ಇವತ್ತೇ ದುಡ್ಡು ಎತ್ತಿಡೋದು.

ಕೇವ್ ಡೈವಿಂಗ್ ಇತಿಹಾಸ ಅಂದ್ರೆ ಎಲ್ಲರೂ ಧೈರ್ಯದ ಕಥೆ ಹೇಳ್ತಾರೆ. ನಾನು ಓದ್ತಾ ಓದ್ತಾ ನೋಡಿದ್ದು ಬೇರೆ. ಅದು ಲೆಕ್ಕ ಬರೆದಿಟ್ಟವರ ಕಥೆ. ಗಾಳಿಯ ಲೆಕ್ಕ, ದಾರದ ಲೆಕ್ಕ, ಕೊನೆಗೆ ನಕ್ಷೆ. ಲೆಕ್ಕವೇ ಇಲ್ಲದ ಕಡೆ ಏನಾಯ್ತು ಅನ್ನೋದಕ್ಕೂ ಬರ್ತೀನಿ. ಅದು ನಮ್ಮ ದೇಶದ್ದೇ ಕಥೆ.

ಮೊದಲು ಒಂದು ಡೌಟ್ ಕ್ಲಿಯರ್ ಮಾಡೋಣ. ಇಂಥ ಗುಹೆಗಳು ನಮ್ಮ ಕಡೆ ಯಾಕಿಲ್ಲ? ನಾನು ಈ ಸಂಚಿಕೆ ರೆಕಾರ್ಡ್ ಮಾಡ್ತಿರೋದು ಜ್ಞಾನಭಾರತಿ ಕಡೆಯಿಂದ. ಇಲ್ಲಿ ಕ್ಯಾಂಪಸ್ ಒಳಗೆ ನಡೆದ್ರೆ ಅಲ್ಲಲ್ಲಿ ನೆಲದಿಂದ ಬಂಡೆ ಎದ್ದು ನಿಂತಿರುತ್ತೆ. ಲಾಲ್‌ಬಾಗ್ ಬಂಡೆಯದೇ ಜಾತಿ, ನೈಸ್ ಶಿಲೆ, ಸುಮಾರು 300 ಕೋಟಿ ವರ್ಷ ಹಳೇದು. ಇದು ನೀರಲ್ಲಿ ಕರಗೋ ಕಲ್ಲಲ್ಲ. ದೊಡ್ಡ ಗುಹೆ ಆಗೋದು ಹೆಚ್ಚಾಗಿ ಸುಣ್ಣದ ಕಲ್ಲಲ್ಲಿ. ಮಳೆ ನೀರು ಗಾಳಿಯ ಮತ್ತು ಮಣ್ಣಿನ ಇಂಗಾಲದ ಡೈಆಕ್ಸೈಡ್ ಸೇರಿಸ್ಕೊಂಡು ಸ್ವಲ್ಪ ಹುಳಿ ಆಗುತ್ತೆ, ಸುಣ್ಣದ ಕಲ್ಲನ್ನ ಲಕ್ಷಾಂತರ ವರ್ಷ ನಿಧಾನಕ್ಕೆ ತಿನ್ನುತ್ತೆ. ನಮ್ಮಲ್ಲೂ ಸುಣ್ಣದ ಕಲ್ಲಿದೆ. ವಾಡಿ, ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿಗಳು ಬಂದಿದ್ದೇ ಅದಕ್ಕೆ. ಯಾಣದ ಕಪ್ಪು ಶಿಖರಗಳು, ದಾಂಡೇಲಿ ಹತ್ರದ ಕವಳಾ ಗುಹೆ ಎಲ್ಲವೂ ಅದರದ್ದೇ ಮಹಿಮೆ. ಆದ್ರೆ ಡೈವರ್‌ಗಳು ಇಳಿದು ಕಿಲೋಮೀಟರ್‌ಗಟ್ಟಲೆ ಅಳೆಯೋ ಅಂಥ ಹೆಸರಾಂತ ಜಲಗುಹೆ ನಮ್ಮಲ್ಲಿಲ್ಲ.

ನೀರು ತುಂಬಿದ ಗುಹೆ ಅಂದ ತಕ್ಷಣ ಕನ್ನಡಿಗರಿಗೆ ನೆನಪಾಗೋದು ಬೀದರಿನ ಝರಣಿ ನರಸಿಂಹ. ಉದ್ದನೆಯ ಸುರಂಗ, ಎದೆ ಮಟ್ಟದ ನೀರು, ಚಾವಣಿಯಲ್ಲಿ ಬಾವಲಿಗಳು, ತುದಿಯಲ್ಲಿ ದೇವರು. ಮಕ್ಕಳನ್ನ ಹೆಗಲ ಮೇಲೆ ಕೂರಿಸ್ಕೊಂಡು ಹೋಗ್ತಾರೆ ಜನ. ನಾನೂ ಡಿಗ್ರಿ ಟೈಮಲ್ಲಿ ಹೋಗಿದ್ದೆ. ಮುಂದಿನವರ ಬೆನ್ನು, ಹಿಂದಿನವರ ಉಸಿರು, ಕಾಲ ಕೆಳಗೆ ಏನಿದೆ ಅಂತ ಗೊತ್ತಾಗದ ನೀರು. ತಲೆ ಮೇಲೆ ಗಾಳಿ ಇದ್ದೂ ಎದೆ ಹೊಡ್ಕೊಳ್ತಿತ್ತು. ಗಾಳಿನೂ ಇಲ್ಲ ಅಂದ್ರೆ ಹೇಗಿರುತ್ತೆ ಅಂತ ಅಲ್ಲಿಂದ ಊಹೆ ಮಾಡ್ಕೊಳ್ಳಿ.

ಬೀದರಿನಲ್ಲೇ ಇನ್ನೊಂದಿದೆ, ನೌಬಾದಿನ ಕಾರೇಜ್. 15ನೇ ಶತಮಾನದಲ್ಲಿ ಬಹಮನಿಗಳ ಕಾಲದಲ್ಲಿ ಪರ್ಷಿಯಾದ ವಿದ್ಯೆ ತಂದು ಮಾಡಿದ ನೆಲದಡಿಯ ನೀರಿನ ಸುರಂಗ. ಇದನ್ನ ತೋಡೋ ಕ್ರಮ ಕೇಳಿ. ಕಾರೇಜನ್ನ ನೀರಿರೋ ಕಡೆಯಿಂದ ತೋಡೋದಿಲ್ಲ, ನೀರು ಹೊರಗೆ ಬೀಳಬೇಕಾದ ಬಾಯಿಯಿಂದ ಶುರು ಮಾಡಿ ಮೇಲಕ್ಕೆ ತೋಡ್ಕೊಂಡು ಹೋಗ್ತಾರೆ. ಸ್ವಲ್ಪ ಸ್ವಲ್ಪ ದೂರಕ್ಕೆ ಬಾವಿಯಂಥ ತೂತು, ಮಣ್ಣು ಎತ್ತೋಕೆ ಮತ್ತು ಗಾಳಿಗೆ. ಒಳಗೆ ನೀರು ಉಕ್ಕಿದ್ರೆ ಅದು ತಾನಾಗೇ ಹೊರಗೆ ಹರಿದು ಹೋಗುತ್ತೆ, ತೋಡ್ತಿರೋನು ಮುಳುಗಲ್ಲ. ವಾಪಸ್ ಬರೋ ದಾರಿಯನ್ನ ಮೊದಲೇ ಕಟ್ಟಿಟ್ಟು ಆಮೇಲೆ ಒಳಗೆ ಹೋಗೋದು. ಈ ಬುದ್ಧಿ ಯುರೋಪಿನ ಗುಹೆ ಡೈವರ್‌ಗಳಿಗೆ ಬರೋ ಹೊತ್ತಿಗೆ ತುಂಬಾ ಜೀವ ಹೋಗಿತ್ತು.

ಈಗ ಯುರೋಪಿಗೆ ಹೋಗೋಣ. ದಕ್ಷಿಣ ಫ್ರಾನ್ಸ್‌ನಲ್ಲಿ ಫೊಂಟೇನ್ ದ ವೋಕ್ಲೂಸ್ ಅಂತ ಒಂದು ಬುಗ್ಗೆ ಇದೆ. ಬೆಟ್ಟದ ಬುಡದಲ್ಲಿ ಒಂದು ಹಸಿರು ಕೊಳ, ಅದರ ಕೆಳಗೆ ಬಾವಿಯ ಹಾಗೆ ಇಳಿಯೋ ಗುಹೆ. 1878ರಲ್ಲಿ ಮಾರ್ಸೇಯ ಬಂದರಿನ ಒಟ್ಟೊನೆಲ್ಲಿ ಅನ್ನೋ ಡೈವರ್ ಇದಕ್ಕೆ ಇಳಿದರು. ತಲೆಗೆ ತಾಮ್ರದ ಹೆಲ್ಮೆಟ್, ಕಾಲಿಗೆ ಸೀಸದ ಬೂಟು, ಮೇಲಿಂದ ಪೈಪಲ್ಲಿ ಗಾಳಿ. 23 ಮೀಟರ್ ತನಕ ಹೋಗಿ ನಿಂತರು. ಅದರ ತಳ ಮುಟ್ಟಿದ್ದು 1985ರಲ್ಲಿ, ಅದೂ ಮನುಷ್ಯ ಅಲ್ಲ, ಒಂದು ರೋಬೋ. ಆಳ 308 ಮೀಟರ್. ನೂರಕ್ಕೂ ಹೆಚ್ಚು ವರ್ಷ ಬೇಕಾಯ್ತು.

ಕೇವ್ ಡೈವಿಂಗ್ ಒಂದು ಶಿಸ್ತಾಗಿ ಬೆಳೆದಿದ್ದು ಇಂಗ್ಲೆಂಡಿನ ಸಾಮರ್ಸೆಟ್‌ನಲ್ಲಿ. ಗ್ರಹಾಂ ಬಾಲ್ಕೂಂಬ್, ಜ್ಯಾಕ್ ಶೆಪರ್ಡ್ ಅಂತ ಇಬ್ಬರು. ಇಬ್ಬರೂ ಅಲ್ಲಿನ ಅಂಚೆ ಇಲಾಖೆಯ ಎಂಜಿನಿಯರ್‌ಗಳು. ಶನಿವಾರ ಭಾನುವಾರ ಗುಹೆ ಸುತ್ತೋ ಹುಚ್ಚು. ಒಳಗೆ ಹೋಗ್ತಾ ಹೋಗ್ತಾ ಒಂದು ಕಡೆ ಚಾವಣಿ ಬಗ್ಗಿ ನೀರಲ್ಲಿ ಮುಳುಗುತ್ತೆ, ದಾರಿ ಮುಗಿಯುತ್ತೆ. ಆ ನೀರಿನಾಚೆ ಏನಿದೆ? ಮೊದಲು ಸೈಕಲ್ ಫ್ರೇಮಿನ ಕೊಳವೆ, ತೋಟಕ್ಕೆ ನೀರು ಬಿಡೋ ಪೈಪು ಜೋಡಿಸಿ ಉಸಿರಾಟದ ಯಂತ್ರ ಮಾಡಿದ್ರು. ನಮ್ಮ ಕಡೆ ಜುಗಾಡ್ ಅಂತೀವಲ್ಲ, ಪಕ್ಕಾ ಅದೇ. ಅದು ಅಷ್ಟಾಗಿ ಕೆಲಸ ಮಾಡಲಿಲ್ಲ. 1935ರಲ್ಲಿ ಸೀಬ್ ಗೋರ್ಮನ್ ಕಂಪನಿಯ ಹೆಲ್ಮೆಟ್ ಡ್ರೆಸ್ ತಂದು ವೂಕಿ ಹೋಲ್ ಅನ್ನೋ ಗುಹೆಗೆ ಇಳಿದ್ರು. ಈಜಲ್ಲ, ತಳದಲ್ಲಿ ನಡಿಗೆ. ಕಾಲಿಟ್ಟಲ್ಲೆಲ್ಲ ಹೂಳು ಎದ್ದು ಕಣ್ಣು ಕಾಣಲ್ಲ. ಆ ತಂಡದಲ್ಲಿ ಪೆನೆಲೊಪಿ ಪವೆಲ್ ಅನ್ನೋ ಮಹಿಳೆಯೂ ಇದ್ದರು, ಅವರೂ ಇಳಿದ್ರು. ಏಳನೇ ಕೋಣೆ ತನಕ ಮುಟ್ಟಿದ್ರು.

ನನಗೆ ಇಷ್ಟವಾಗಿದ್ದು ಏನಂದ್ರೆ ಅವರು ಎಲ್ಲವನ್ನೂ ಬರೆದಿಟ್ಟರು. ಯಾರು ಇಳಿದ್ರು, ಎಷ್ಟು ದೂರ ಹೋದ್ರು, ಎಲ್ಲಿ ಸಿಕ್ಕಾಕೊಂಡ್ರು. ಆ ಲಾಗ್‌ಬುಕ್ ಆಮೇಲೆ ಪುಸ್ತಕವಾಗೇ ಬಂತು. 1946ರಲ್ಲಿ ಇವರು ಕೇವ್ ಡೈವಿಂಗ್ ಗ್ರೂಪ್ ಅಂತ ಸಂಘ ಕಟ್ಟಿದ್ರು. 1949ರಲ್ಲಿ ಅದೇ ವೂಕಿ ಹೋಲ್‌ನಲ್ಲಿ ಅವರ ಸಂಗಾತಿಯೊಬ್ಬರು ವಾಪಸ್ ಬರೋ ದಾರಿಯಲ್ಲಿ ಸತ್ತರು. ಉಸಿರಾಟದ ಆಕ್ಸಿಜನ್ ಮುಗಿದಿತ್ತು. ನೆನಪಿಡಿ, ವಾಪಸ್ ಬರೋ ದಾರಿಯಲ್ಲಿ. ಈ ಮಾತು ಇನ್ನೂ ಬರುತ್ತೆ.

1943ರಲ್ಲಿ ಜಾಕ್ ಕೂಸ್ತೋ ಮತ್ತು ಎಮಿಲ್ ಗಾನ್ಯಾನ್ ಸೇರಿ ಅಕ್ವಾಲಂಗ್ ಮಾಡಿದ್ರು. ಈಗಿನ ಸ್ಕೂಬಾದ ಅಪ್ಪ ಅದು. ಮೇಲಿಂದ ಪೈಪ್ ಬೇಡ, ಬೆನ್ನ ಮೇಲೆ ಸಿಲಿಂಡರ್ ಸಾಕು. ಇನ್ನೇನು, ಗುಹೆ ಗೆದ್ದಂಗೇ ಅಂತ 1946ರ ಆಗಸ್ಟಿನಲ್ಲಿ ಕೂಸ್ತೋ, ಫ್ರೆಡ್ರಿಕ್ ದ್ಯುಮಾ ಅದೇ ವೋಕ್ಲೂಸ್‌ಗೆ ಇಳಿದ್ರು. ಇಬ್ಬರಿಗೂ ಒಳಗೆ ಮಂಕು ಕವಿಯಿತು. ಕೈಕಾಲು ಮಾತು ಕೇಳಲ್ಲ, ಯಾಕೆ ಬಂದಿದ್ದೀವಿ ಅನ್ನೋದೇ ಮರೆತುಹೋಗ್ತಿದೆ. ಮೇಲಿಂದ ಕಟ್ಟಿದ್ದ ಹಗ್ಗ ಇರದಿದ್ರೆ ಇಬ್ಬರೂ ಉಳೀತಿರಲಿಲ್ಲ. ಆಮೇಲೆ ಪತ್ತೆ ಹಚ್ಚಿದ್ರೆ, ಸಿಲಿಂಡರ್‌ಗೆ ಗಾಳಿ ತುಂಬೋ ಕಂಪ್ರೆಸರ್ ತನ್ನದೇ ಹೊಗೆಯನ್ನ ಎಳ್ಕೊಂಡು ತುಂಬಿತ್ತು. ಕಾರ್ಬನ್ ಮೊನಾಕ್ಸೈಡ್. ಗಾಳಿ ಎಷ್ಟಿದೆ ಅನ್ನೋದರ ಜೊತೆಗೆ ಎಂಥ ಗಾಳಿ ಇದೆ ಅನ್ನೋದೂ ಲೆಕ್ಕಕ್ಕೆ ಸೇರ್ತು.

ಸ್ಕೂಬಾ ಅಗ್ಗ ಆದ್ಮೇಲೆ ಸಾವು ಜಾಸ್ತಿ ಆಯ್ತು. ಅಮೆರಿಕದ ಫ್ಲಾರಿಡಾದಲ್ಲಿ ನೀರು ಗಾಜಿನ ಹಾಗೆ ತಿಳಿಯಾಗಿರೋ ಬುಗ್ಗೆಗಳಿವೆ. ಬಾಯಲ್ಲಿ ನಿಂತು ನೋಡಿದ್ರೆ ಒಳಗಿನ ಗುಹೆ ಕರೆಯೋ ಹಾಗಿರುತ್ತೆ. 1960ರಿಂದ ಮುಂದಿನ ದಶಕಗಳಲ್ಲಿ ನೂರಾರು ಜನ ಇಂಥ ಗುಹೆಗಳಲ್ಲಿ ಸತ್ತರು. ಸತ್ತವರಲ್ಲಿ ಸಮುದ್ರದಲ್ಲಿ ಡೈವಿಂಗ್ ಕಲಿಸೋ ಮೇಷ್ಟ್ರುಗಳೂ ಇದ್ದರು. ನೀರಲ್ಲಿ ಪಳಗಿದವರೇ. ಗುಹೆ ಬೇರೆ ಅನ್ನೋದು ಅವರಿಗೆ ಗೊತ್ತಿರಲಿಲ್ಲ, ಅಷ್ಟೇ. ಒಳಗೆ ಹೋಗುವಾಗ ನೀರು ತಿಳಿ. ಹೂಳಿಗೆ ಕಾಲು ತಾಗಿ ರಾಡಿ ಎದ್ದರೆ ತಿರುಗುವಾಗ ನಿಮ್ಮ ಕೈ ನಿಮಗೇ ಕಾಣಲ್ಲ. ದಾರಿ ಎರಡು ಕವಲು ಇದ್ದಿದ್ದು ಬರುವಾಗ ಗಮನಕ್ಕೇ ಬಂದಿರಲ್ಲ. ಉಸಿರಾಟ ಜೋರಾಗುತ್ತೆ. ಅದೂ ಅಲ್ಲದೆ ಆಳಕ್ಕೆ ಹೋದಷ್ಟೂ ಗಾಳಿ ಬೇಗ ಮುಗಿಯುತ್ತೆ: 10 ಮೀಟರ್ ಆಳದಲ್ಲಿ ಎರಡು ಪಟ್ಟು, 30 ಮೀಟರ್ ಆಳದಲ್ಲಿ ನಾಲ್ಕು ಪಟ್ಟು.

ಇಲ್ಲಿ ಒಂದು ನಿಮಿಷ ಅಡ್ಡ ಮಾತು. ಬೆಂಗಳೂರಿನ ಸುತ್ತಮುತ್ತ ಹಳೇ ಕಲ್ಲು ಕ್ವಾರಿಗಳಿವೆ, ನೀರು ತುಂಬಿರುತ್ತೆ, ನೋಡೋಕೆ ತಿಳಿ. ಬೇಸಿಗೆ ಬಂದ್ರೆ ಅಲ್ಲಿ ಈಜೋಕೆ ಹೋದ ಕಾಲೇಜ್ ಹುಡುಗರ ಸುದ್ದಿ ಬರುತ್ತೆ. ನೀವೂ ಓದಿರ್ತೀರಿ. ಇಳಿಯೋ ಕಡೆ ಮೆಟ್ಟಿಲಿನ ಥರ ಇರುತ್ತೆ, ಎರಡು ಹೆಜ್ಜೆ ಆಚೆ ನೆಲವೇ ಇರಲ್ಲ. ಹತ್ತೋಕೆ ಕೈಗೆ ಏನೂ ಸಿಗದ ನುಣ್ಣನೆ ಗೋಡೆ. ಸರಿ, ಫ್ಲಾರಿಡಾಗೆ ವಾಪಸ್.

ಅಲ್ಲಿ ಶೆಕ್ ಎಕ್ಸ್ಲಿ ಅಂತ ಒಬ್ಬ ಡೈವರ್ ಇದ್ದರು. ಕೆಲಸ ಏನು ಗೊತ್ತಾ? ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. 23 ವಯಸ್ಸಿಗೆ ಸಾವಿರ ಸಲ ಗುಹೆಗೆ ಇಳಿದು ಬಂದಿದ್ದ ಮನುಷ್ಯ. ಸತ್ತವರ ಶವ ಹೊರಗೆ ತರೋ ಕೆಲಸವೂ ಇಂಥವರ ಮೇಲೇ ಬೀಳ್ತಿತ್ತು. ಎಕ್ಸ್ಲಿ ಒಂದೊಂದು ಸಾವನ್ನೂ ಆಡಿಟ್ ಮಾಡಿದ ಹಾಗೆ ಬಿಡಿಸಿ ನೋಡಿದ್ರು. ಸಿಲಿಂಡರಲ್ಲಿ ಎಷ್ಟು ಉಳಿದಿತ್ತು, ದಾರ ಇತ್ತಾ, ಎಷ್ಟು ಆಳ. 1979ರಲ್ಲಿ ಒಂದು ಸಣ್ಣ ಪುಸ್ತಕ ಬರೆದ್ರು, ಹೆಸರು 'ಬೇಸಿಕ್ ಕೇವ್ ಡೈವಿಂಗ್: ಎ ಬ್ಲೂಪ್ರಿಂಟ್ ಫಾರ್ ಸರ್ವೈವಲ್'. ಅದರ ಸಾರ ಹೇಳಬೇಕಂದ್ರೆ ಬಹಳ ನೀರಸ. ಗುಹೆಯ ಬಾಯಿಂದ ನೀವಿರೋ ಜಾಗದ ತನಕ ಎಲ್ಲೂ ತುಂಡಾಗದ ಒಂದು ದಾರ ಇರಬೇಕು. ಗಾಳಿ ಮೂರು ಪಾಲು ಮಾಡಿ, ಒಂದು ಪಾಲಿಗೆ ತಿರುಗಬೇಕು. ನಿಮಗೆ ಅಭ್ಯಾಸ ಇರದ ಆಳಕ್ಕೆ ಹೋಗಬಾರದು. ಸತ್ತವರಲ್ಲಿ ಹೆಚ್ಚಿನವರು ಇದರಲ್ಲಿ ಒಂದನ್ನಾದ್ರೂ ಮುರಿದಿದ್ದರು. ಆಮೇಲೆ ಗುಹೆಗಳ ಬಾಯಲ್ಲಿ ನೀರೊಳಗೇ ಬೋರ್ಡ್ ಬಂತು. ಯಮನ ಚಿತ್ರ ಇರೋ ಬೋರ್ಡು. ಅವರ ಯಮನಿಗೆ ಕೋಣ ಇಲ್ಲ, ಕೈಯಲ್ಲಿ ಕುಡುಗೋಲು. ಮುಂದೆ ಹೋಗಬೇಡಿ, ಸಾಯ್ತೀರಿ ಅಂತ ನೇರವಾಗಿ ಬರೆದಿರುತ್ತೆ.

ಎಕ್ಸ್ಲಿ 1994ರ ಏಪ್ರಿಲ್‌ನಲ್ಲಿ ಮೆಕ್ಸಿಕೋದ ಸಕಾಟೋನ್ ಅನ್ನೋ ಜಲಬಾವಿಯ ತಳ ಮುಟ್ಟೋ ಪ್ರಯತ್ನದಲ್ಲಿ ಸತ್ತರು. ಜೊತೆಗೆ ಬೇರೆ ಹಗ್ಗದಲ್ಲಿ ಇಳಿದಿದ್ದ ಜಿಮ್ ಬೌಡನ್ ಬದುಕಿ ಬಂದರು. ಎಕ್ಸ್ಲಿ ಕೈಗಡಿಯಾರದ ಹಾಗಿದ್ದ ಆಳದ ಮೀಟರಲ್ಲಿ 900 ಅಡಿಗಿಂತ ಹೆಚ್ಚಿತ್ತು. ನಿಯಮ ಬರೆದವರೇ ಹೀಗೆ ಹೋದರಲ್ಲ ಅಂತ ಅನ್ನಿಸುತ್ತೆ. ಆದ್ರೆ ಅವರ ಪುಸ್ತಕ ಓದಿ ತಿರುಗಿ ಬಂದವರು ಎಷ್ಟು ಜನ ಅಂತ ಯಾರೂ ಎಣಿಸೋಕಾಗಲ್ಲ. ಆಗದೇ ಇರೋ ಸಾವಿಗೆ ಲೆಡ್ಜರಲ್ಲಿ ಎಂಟ್ರಿ ಇರಲ್ಲ.

ಇದೇ ಥರದ್ದು ದಕ್ಷಿಣ ಆಫ್ರಿಕಾದ ಬೂಸ್‌ಮನ್ಸ್‌ಗಾಟ್ ಗುಹೆಯ ಕಥೆ. ಅಲ್ಲಿ 1994ರಲ್ಲಿ ಡಿಯಾನ್ ಡ್ರೇಯರ್ ಅನ್ನೋ ಯುವಕ ಮುಳುಗಿದ್ದ. ಹತ್ತು ವರ್ಷ ಆದ್ಮೇಲೆ, 2004ರಲ್ಲಿ, ಡೇವ್ ಶಾ ಅನ್ನೋ ವಿಮಾನ ಪೈಲಟ್ 270 ಮೀಟರ್ ಆಳದಲ್ಲಿ ಆ ಶವ ಕಂಡರು. ತಂದೆತಾಯಿಗೆ ಮಗನನ್ನ ತಂದುಕೊಡ್ತೀನಿ ಅಂತ 2005ರ ಜನವರಿ 8ಕ್ಕೆ ಮತ್ತೆ ಇಳಿದರು, ಅಲ್ಲೇ ಸತ್ತರು. ಕೆಲವು ದಿನಕ್ಕೆ ಹಗ್ಗ ಎಳೆದಾಗ ಎರಡೂ ಶವ ಒಟ್ಟಿಗೆ ಮೇಲಕ್ಕೆ ಬಂದವು. ಶಾ ಕೊಟ್ಟ ಮಾತು ಉಳೀತು. ಇದರ ಬಗ್ಗೆ ನಾನು ಇನ್ನೇನೂ ಹೇಳಲ್ಲ.

ಹಾಗಾದ್ರೆ ಇಷ್ಟೆಲ್ಲ ಕಷ್ಟಪಟ್ಟು ಹೋಗಿ ಸಿಗೋದೇನು? ನನ್ನ ಅಮ್ಮ ಕೇಳಿದ್ದೂ ಇದನ್ನೇ, ಅಲ್ಲೇನು ಚಿನ್ನ ಇಟ್ಟಿದಾರಾ ಅಂತ. ಚಿನ್ನ ಇಲ್ಲ. ಮೆಕ್ಸಿಕೋದ ಯುಕಟಾನ್‌ನಲ್ಲಿ 2007ರಲ್ಲಿ ಮೂವರು ಡೈವರ್‌ಗಳು ಓಯೋ ನೆಗ್ರೋ ಅನ್ನೋ ಹೊಂಡದಲ್ಲಿ ಒಂದು ಅಸ್ಥಿಪಂಜರ ಕಂಡರು. ಸುಮಾರು 12ರಿಂದ 13 ಸಾವಿರ ವರ್ಷದ ಹಿಂದಿನ, ಹದಿನೈದು ಹದಿನಾರು ವಯಸ್ಸಿನ ಹುಡುಗಿ. ಆಗ ಸಮುದ್ರ ಮಟ್ಟ ಕೆಳಗಿತ್ತು, ಗುಹೆ ಒಣಗಿತ್ತು. ಅಮೆರಿಕ ಖಂಡಕ್ಕೆ ಮನುಷ್ಯರು ಬಂದ ಕಥೆಗೆ ಆ ಹುಡುಗಿ ದೊಡ್ಡ ಸಾಕ್ಷಿ. ಅಲ್ಲೇ 2018ರ ಜನವರಿಯಲ್ಲಿ ಸಾಕ್ ಆಕ್ಟುನ್, ದೋಸ್ ಓಹೋಸ್ ಅನ್ನೋ ಎರಡು ಜಲಗುಹೆಗಳು ಒಳಗೊಳಗೇ ಸೇರಿವೆ ಅಂತ ಗೊತ್ತಾಯ್ತು. ಸೇರಿಸಿದ್ರೆ 347 ಕಿಲೋಮೀಟರ್. ಬೆಂಗಳೂರಿಂದ ಮಂಗಳೂರಿಗೆ ಹೋಗೋಷ್ಟು ದೂರ, ನೀರೊಳಗೆ, ಒಂದೊಂದು ಮೀಟರೂ ಯಾರೋ ದಾರ ಬಿಟ್ಕೊಂಡು ಹೋಗಿ ಅಳೆದದ್ದು.

ಅಮ್ಮನ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿದ್ದು ಅದೇ ವರ್ಷ, ಥಾಯ್ಲೆಂಡಿನಲ್ಲಿ.

2018ರ ಜೂನ್ 23. ಥಾಮ್ ಲುವಾಂಗ್ ಗುಹೆಗೆ ಫುಟ್‌ಬಾಲ್ ತಂಡದ 12 ಹುಡುಗರು, ಅವರ ಸಹಾಯಕ ಕೋಚ್ ಹೋದರು. ಮಳೆ ಬಂತು, ಗುಹೆ ತುಂಬಿತು. ಸಿನಿಮಾ ನೋಡಿರ್ತೀರಿ, ಹಾಗಾಗಿ ಕಥೆ ಪೂರ್ತಿ ಹೇಳಲ್ಲ. ಸಿನಿಮಾದಲ್ಲಿ ಹಿಂದೆ ಸರಿದುಹೋಗೋ ಎರಡು ವಿಷಯ ಮಾತ್ರ.

ಒಂದು, ನಕ್ಷೆ. ಹತ್ತು ಕಿಲೋಮೀಟರ್ ಉದ್ದದ ಆ ಗುಹೆಯಲ್ಲಿ ಹುಡುಗರನ್ನ ಎಲ್ಲಿ ಅಂತ ಹುಡುಕೋದು? 1980ರ ದಶಕದಲ್ಲೇ ಫ್ರಾನ್ಸಿನ ಗುಹಾ ಹವ್ಯಾಸಿಗಳು ಬಂದು ಅದನ್ನ ಅಳೆದಿದ್ದರು. ಆಮೇಲೆ ಅಲ್ಲೇ ಹತ್ತಿರ ನೆಲೆಸಿದ್ದ ವರ್ನ್ ಅನ್ಸ್‌ವರ್ತ್ ಅನ್ನೋ ಬ್ರಿಟಿಷ್ ವ್ಯಕ್ತಿ ವರ್ಷಗಟ್ಟಲೆ ಒಳಗೆ ಸುತ್ತಿ ನಕ್ಷೆ ತಿದ್ದಿದ್ದರು. ಯಾರೂ ಕೇಳಿರಲಿಲ್ಲ, ಯಾರೂ ಸಂಬಳ ಕೊಟ್ಟಿರಲಿಲ್ಲ. ಹುಡುಗರು ಎತ್ತರದ ಯಾವ ಜಾಗಕ್ಕೆ ಹೋಗಿರಬಹುದು ಅಂತ ಊಹಿಸೋಕೆ ಆಯ್ತು. ವಿದೇಶದ ಯಾವ ಡೈವರ್‌ಗಳನ್ನ ಕರೆಸಬೇಕು ಅಂತ ಹೇಳಿದ್ದೂ ಅವರೇ. ಬಂದವರು ರಿಕ್ ಸ್ಟ್ಯಾಂಟನ್, ಜಾನ್ ವೊಲಾಂಥನ್. ಒಬ್ಬರು ನಿವೃತ್ತ ಅಗ್ನಿಶಾಮಕ, ಇನ್ನೊಬ್ಬರು ಐಟಿ ಕನ್ಸಲ್ಟೆಂಟ್. ಬಾಲ್ಕೂಂಬ್ ಕಟ್ಟಿದ ಆ ಬ್ರಿಟಿಷ್ ಪರಂಪರೆಯವರೇ, ವೀಕೆಂಡ್ ಹುಚ್ಚಿನವರು. ಜುಲೈ 2ರಂದು ವೊಲಾಂಥನ್ ದಾರ ಕಟ್ಕೊಂಡು ಮುಂದೆ ಹೋಗ್ತಿದ್ದರು. ದಾರ ಮುಗೀತು. ದಾರ ಮುಗಿದ ಕಡೆ ತಲೆ ಎತ್ತಿದ್ರೆ 13 ಜನ ಬದುಕಿದ್ದರು. ಬಾಯಿಂದ ಸುಮಾರು ನಾಲ್ಕು ಕಿಲೋಮೀಟರ್ ಒಳಗೆ.

ಎರಡನೇದು, ಪಂಪು. ಹೊರಗೆ ತರೋಕೆ ಡೈವರ್‌ಗಳಷ್ಟೇ ಸಾಲದಾಗಿತ್ತು. ನೀರಿನ ಮಟ್ಟ ಇಳಿಸ್ಬೇಕಿತ್ತು. ಬೆಟ್ಟದ ಮೇಲೆ ತೊರೆಗಳನ್ನ ತಿರುಗಿಸಿದ್ರು, ಕೆಳಗೆ ಹಗಲೂರಾತ್ರಿ ಪಂಪ್ ಓಡಿಸಿದ್ರು. 100 ಕೋಟಿ ಲೀಟರಿಗೂ ಹೆಚ್ಚು ನೀರು ಹೊರಗೆ ಹೋಯ್ತು. ಕೆಳಗಿನ ರೈತರ ಭತ್ತದ ಗದ್ದೆಗಳೆಲ್ಲ ಮುಳುಗಿದ್ವು. ಇದರಲ್ಲಿ ಸಲಹೆ ಕೊಡೋಕೆ ನಮ್ಮ ದೇಶದ ಕಿರ್ಲೋಸ್ಕರ್ ಬ್ರದರ್ಸ್ ಕಂಪನಿಯ ಎಂಜಿನಿಯರ್‌ಗಳೂ ಸ್ಥಳದಲ್ಲಿದ್ದರು. ಬೇಕಾದ್ರೆ ವಿಮಾನದಲ್ಲಿ ಕಳಿಸೋಕೆ ಅಂತ ಕಿರ್ಲೋಸ್ಕರವಾಡಿಯಲ್ಲಿ ಪಂಪುಗಳನ್ನ ಸಿದ್ಧ ಇಟ್ಟಿದ್ದರು. ಈ ಕಂಪನಿಯ ಬೇರು ನಮ್ಮಲ್ಲೇ ಇದೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು, ಆಮೇಲೆ ಕಬ್ಬಿಣದ ನೇಗಿಲು ಮಾಡಿದ್ರು. ಪಶ್ಚಿಮ ಬೆಂಗಳೂರಿನವರಿಗೆ ಇನ್ನೂ ಹತ್ತಿರದ ಗುರುತು ಬೇಕಾ? ರಾಜಾಜಿನಗರದ ಒರಾಯನ್ ಮಾಲ್ ಇದೆಯಲ್ಲ, ಅಲ್ಲಿ ಮೊದಲು ಇದ್ದದ್ದು ಅದೇ ಮನೆತನದ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಫ್ಯಾಕ್ಟರಿಯ ಜಾಗ.

ಜುಲೈ 6ರಂದು ಥಾಯ್ ನೌಕಾಪಡೆಯ ಮಾಜಿ ಡೈವರ್ ಸಮನ್ ಕುನಾನ್ ಒಳಗೆ ಸಿಲಿಂಡರ್‌ಗಳನ್ನ ಇಟ್ಟು ಬರುವಾಗ ಪ್ರಜ್ಞೆ ತಪ್ಪಿ ಸತ್ತರು. ಮತ್ತೆ ಅದೇ, ವಾಪಸ್ ಬರೋ ದಾರಿಯಲ್ಲಿ. ಬೇರೆಯವರಿಗೆ ಗಾಳಿ ತಲುಪಿಸಿ ಬರ್ತಿದ್ದ ಮನುಷ್ಯ. ಒಳಗೆ ಹುಡುಗರಿದ್ದ ಕಡೆ ಆಕ್ಸಿಜನ್ ಶೇಕಡಾ 15ಕ್ಕೆ ಇಳಿದಿತ್ತು. ನಾವು ಉಸಿರಾಡೋದು ಶೇಕಡಾ 21. ಕಾಯೋಕೆ ಟೈಮಿರಲಿಲ್ಲ. ಆಸ್ಟ್ರೇಲಿಯಾದ ಅರಿವಳಿಕೆ ವೈದ್ಯ, ಸ್ವತಃ ಕೇವ್ ಡೈವರ್ ಆಗಿದ್ದ ರಿಚರ್ಡ್ ಹ್ಯಾರಿಸ್ ಹುಡುಗರಿಗೆ ಮಂಪರು ಬರಿಸಿದ್ರು, ಮುಖಕ್ಕೆ ಪೂರ್ತಿ ಮಾಸ್ಕ್ ಹಾಕಿದ್ರು, ಕೈ ಕಟ್ಟಿದ್ರು, ಡೈವರ್‌ಗಳು ಒಬ್ಬೊಬ್ಬರನ್ನೇ ದಾರ ಹಿಡ್ಕೊಂಡು ತಂದ್ರು. ಜುಲೈ 8ಕ್ಕೆ ನಾಲ್ಕು, 9ಕ್ಕೆ ನಾಲ್ಕು, 10ಕ್ಕೆ ಐದು. ಎಲ್ಲರೂ ಹೊರಗೆ ಬಂದ್ಮೇಲೆ, ಕೊನೆಯ ರಕ್ಷಕರು ಇನ್ನೂ ಒಳಗಿದ್ದಾಗಲೇ ಮುಖ್ಯ ಪಂಪ್ ನಿಂತುಹೋಯ್ತು. ಓಡಿ ಬಂದ್ರು.

ಇಡೀ ಜಗತ್ತು ಚಪ್ಪಾಳೆ ಹೊಡೀತು. ಸುಮಾರು ಐದು ತಿಂಗಳಿಗೆ, ಅದೇ 2018ರ ಡಿಸೆಂಬರ್ 13ರಂದು, ಮೇಘಾಲಯದ ಪೂರ್ವ ಜೈಂತಿಯಾ ಹಿಲ್ಸ್ ಜಿಲ್ಲೆಯ ಕ್ಸಾನ್ ಅನ್ನೋ ಊರಲ್ಲಿ ಕಲ್ಲಿದ್ದಲಿನ ಗಣಿಗೆ ನೀರು ನುಗ್ಗಿತು. ಒಳಗೆ 15 ಜನ. ಇಲಿ ಬಿಲದ ಗಣಿ ಅಂತಾರೆ ಅದನ್ನ. 300 ಅಡಿಗೂ ಆಳದ ನೆಟ್ಟನೆ ಬಾವಿ, ಅದರ ತಳದಿಂದ ಒಬ್ಬ ಮನುಷ್ಯ ತೆವಳೋಷ್ಟು ಕಿರಿದಾದ ಬಿಲಗಳು ನಾಲ್ಕು ಕಡೆಗೂ. 2014ರಲ್ಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇಂಥ ಗಣಿಗಾರಿಕೆ ನಿಷೇಧಿಸಿತ್ತು. ಅಂದ್ರೆ ಕಾಗದದ ಮೇಲೆ ಆ ಗಣಿ ಇರಲೇ ಇಲ್ಲ.

ಇಲ್ಲದ ಗಣಿಗೆ ನಕ್ಷೆ ಎಲ್ಲಿಂದ ಬರಬೇಕು? ಎನ್‌ಡಿಆರ್‌ಎಫ್ ಡೈವರ್‌ಗಳು ಬಂದ್ರು. ಅವರು ಇಳಿಯಬಹುದಾದ ಆಳ 40 ಅಡಿ, ಬಾವಿಯಲ್ಲಿ ನೀರು ಅದಕ್ಕಿಂತ ಬಹಳ ಹೆಚ್ಚು. ಮೊದಲು ಸಿಕ್ಕ ಪಂಪುಗಳು 25 ಹಾರ್ಸ್‌ಪವರ್‌ನವು, ಸಾಲಲಿಲ್ಲ. ದೊಡ್ಡ ಪಂಪುಗಳು, ವಿಶಾಖಪಟ್ಟಣದಿಂದ ನೌಕಾಪಡೆಯ ಡೈವರ್‌ಗಳು ಬರೋ ಹೊತ್ತಿಗೆ ಎರಡು ವಾರ ದಾಟಿತ್ತು. ಇಲ್ಲಿಗೂ ಕಿರ್ಲೋಸ್ಕರ್‌ನವರು ಬಂದ್ರು, ಕೋಲ್ ಇಂಡಿಯಾದವರು ಬಂದ್ರು, ಒಡಿಶಾದ ಅಗ್ನಿಶಾಮಕ ದಳ ಬಂತು. ಥಾಮ್ ಲುವಾಂಗ್‌ನಲ್ಲಿ ಪಂಪ್ ಓಡಿಸಿದ್ರೆ ನೀರು ಇಳೀತು. ಇಲ್ಲಿ ಎಷ್ಟು ಎಳೆದ್ರೂ ಮಟ್ಟ ಇಳೀಲಿಲ್ಲ. ಯಾಕಂದ್ರೆ ಪಕ್ಕದ ಹಳೇ ಗಣಿಗಳ ಬಿಲಗಳು ಒಳಗೊಳಗೇ ಸೇರಿಕೊಂಡಿದ್ವು, ಯಾವುದು ಯಾವುದಕ್ಕೆ ಸೇರಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಒಂದು ಬಾವಿ ಖಾಲಿ ಮಾಡ್ತಿದ್ದೀವಿ ಅಂದ್ಕೊಂಡವರು ಇಡೀ ಬೆಟ್ಟದ ನೀರನ್ನ ಎಳೀತಿದ್ರು. ಕೊನೆಗೆ ನೌಕಾಪಡೆಯ ನೀರೊಳಗಿನ ರೋಬೋ ಕ್ಯಾಮರಾ ಜನವರಿ ಮಧ್ಯದಲ್ಲಿ ಒಂದು ಶವ ಕಂಡಿತು. ಅದನ್ನ ಮೇಲೆ ತಂದಿದ್ದು ಜನವರಿ 24ಕ್ಕೆ. ಒಳಗೆ ಸಿಕ್ಕಿದ್ದವರಲ್ಲಿ ಹೆಚ್ಚಿನವರ ಶವ ಮನೆಯವರಿಗೆ ಸಿಗಲೇ ಇಲ್ಲ.

ಈ ಎರಡು ಘಟನೆ ಹೋಲಿಸಿದಾಗ ಜನ ಸಾಮಾನ್ಯವಾಗಿ ಹೇಳೋದು, ಅವರು ಮಕ್ಕಳು, ಇವರು ಬಡ ಕೂಲಿಗಳು, ಅದಕ್ಕೇ ಜಗತ್ತು ಇತ್ತ ತಿರುಗಿ ನೋಡಲಿಲ್ಲ ಅಂತ. ಅದು ನಿಜವೇ. ಆದ್ರೆ ಜಗತ್ತಿನ ಎಲ್ಲಾ ಡೈವರ್‌ಗಳು ಕ್ಸಾನ್‌ಗೆ ಬಂದಿದ್ರೂ ಎಲ್ಲಿಗೆ ಅಂತ ಇಳೀಬೇಕಿತ್ತು? ದಾರ ಕಟ್ಟೋಕೆ ದಾರಿ ಗೊತ್ತಿರಬೇಕು. ಇಂಥ ಗಣಿಯಲ್ಲಿ ನಕ್ಷೆ ಬರೆದಿಟ್ಟರೆ ಅದು ಮಾಲೀಕನ ವಿರುದ್ಧ ಸಾಕ್ಷಿ. ಹಾಗಾಗಿ ಬರೆಯಲ್ಲ. ಲೆಕ್ಕ ಪುಸ್ತಕ ಇಲ್ಲದ ವ್ಯವಹಾರ ಯಾವಾಗಲೂ ಹೀಗೇ, ನಷ್ಟ ಆದಾಗ ಅದು ಯಾರ ತಲೆ ಮೇಲೆ ಬೀಳುತ್ತೆ ಅನ್ನೋದು ಮೊದಲೇ ತೀರ್ಮಾನ ಆಗಿರುತ್ತೆ.

ನಂಗೆ ನಿದ್ದೆ ಕೆಡಿಸಿದ ವಿಷಯ ಇನ್ನೊಂದಿದೆ. ಇದೇ ಪೂರ್ವ ಜೈಂತಿಯಾ ಹಿಲ್ಸ್ ಜಿಲ್ಲೆಯಲ್ಲಿ ಕ್ರೆಮ್ ಲಿಯಾಟ್ ಪ್ರಾ ಅನ್ನೋ ಗುಹೆ ಇದೆ. ಅಲ್ಲಿನ ಭಾಷೆಯಲ್ಲಿ ಕ್ರೆಮ್ ಅಂದ್ರೇನೇ ಗುಹೆ. 30 ಕಿಲೋಮೀಟರಿಗೂ ಉದ್ದ, ಭಾರತದ ಅತಿ ಉದ್ದದ ಗುಹೆಗಳಲ್ಲಿ ಒಂದು. 1990ರ ದಶಕದಿಂದ ಅಲ್ಲಿನ ಸ್ಥಳೀಯರೂ ಹೊರದೇಶದ ಗುಹಾ ಹವ್ಯಾಸಿಗಳೂ ಸೇರಿ ಮೇಘಾಲಯದ ಗುಹೆಗಳನ್ನ ಒಂದೊಂದಾಗಿ ಅಳೀತಾ ಇದ್ದಾರೆ. ಮಳೆ ಇಲ್ಲದ ತಿಂಗಳಲ್ಲಿ ಬರ್ತಾರೆ, ಟೇಪು, ದಿಕ್ಸೂಚಿ, ನೀರಿಗೆ ನೆನೆಯದ ನೋಟ್‌ಬುಕ್ ಹಿಡ್ಕೊಂಡು ಒಳಗೆ ಹೋಗ್ತಾರೆ, ಸಂಜೆ ಕೂತು ಲೆಕ್ಕ ಸೇರಿಸ್ತಾರೆ. ಹಾಗಾಗಿ ಆ ಜಿಲ್ಲೆಯಲ್ಲಿ ಯಾರೂ ವಾಸ ಮಾಡದ, ಯಾರೂ ಕೆಲಸ ಮಾಡದ ಗುಹೆಗೆ ಮೀಟರ್ ಲೆಕ್ಕದ ನಕ್ಷೆ ಇದೆ. ದಿನಾ ಬೆಳಗ್ಗೆ ಮನುಷ್ಯರು ಇಳೀತಿದ್ದ ಬಿಲಕ್ಕೆ ಇರಲಿಲ್ಲ.

2021ರಲ್ಲಿ ಅದೇ ಜಿಲ್ಲೆಯ ಉಂಪ್ಲೆಂಗ್‌ನಲ್ಲಿ ಇನ್ನೊಂದು ಗಣಿಗೆ ನೀರು ನುಗ್ಗಿ ಐವರು ಸಿಕ್ಕಾಕೊಂಡ್ರು. 2025ರ ಜನವರಿಯಲ್ಲಿ ಅಸ್ಸಾಮಿನ ಉಮ್ರಾಂಗ್ಸೋದಲ್ಲಿ ಮತ್ತೆ. ಅಲ್ಲಿಗೂ ನೌಕಾಪಡೆಯ ಡೈವರ್‌ಗಳು ಬಂದಿದ್ರು. ಟಿವಿಯಲ್ಲಿ ಆ ದೃಶ್ಯ ಬಂದಾಗ ನಾನು ನೋಡಿದ್ದು ಅವರ ಕೈಯನ್ನ. ಬಾವಿಯ ಬಾಯಲ್ಲಿ ನಿಂತಿದ್ರು, ಹಗ್ಗ ಇತ್ತು, ಲೈಟ್ ಇತ್ತು, ಸಿಲಿಂಡರ್ ಇತ್ತು.

ಮುಂದಿನ ಸಂಚಿಕೆಯಲ್ಲಿ ನಮ್ಮ ಕೋಲಾರದ ಚಿನ್ನದ ಗಣಿ. ಮೂರು ಕಿಲೋಮೀಟರಿಗೂ ಆಳ, 2001ರಲ್ಲಿ ಮುಚ್ಚಿದ ಮೇಲೆ ಪಂಪ್ ನಿಂತು ನೀರು ತುಂಬ್ಕೊಂಡ ಆ ಸುರಂಗಗಳ ಕಥೆ. ಕೆಜಿಎಫ್‌ನಲ್ಲಿ ನಿಮ್ಮ ತಾತನೋ ಮಾವನೋ ಕೆಲಸ ಮಾಡಿದ್ರೆ, ಅವರ ನೆನಪನ್ನ ಫೋನಲ್ಲಿ ರೆಕಾರ್ಡ್ ಮಾಡಿ ಕಳಿಸಿ. ಬರ್ತೀನಿ.